ಹಿಂಭಾರದ ಆಳು

೧೨ ನವೆಂಬರ್ ೨೦೦೭, ಸೋಮವಾರ

ದೀಪಾವಳಿ ರಜೆ ಮುಗಿಸಿ ಕಾರ್ಖಾನೆಗೆ ಬಂದರೆ ನನ್ನ ಲೇತ್ ಪಕ್ಕದ ಗೋಡೆಗೆ ಮಂಜುಗಡ್ಡೆಯ ಫೋಟೊ ಅಂಟಿಸಿದ್ದರು. ಇದ್ಯಾವ ಗ್ರಹಚಾರವಪ್ಪಾ ಅಂದುಕೊಂಡೆ. ಚನ್ನಪಟ್ಟಣದ ಬೊಂಬೆಗೂ ಮಂಜುಗಡ್ಡೆಗೂ ಎಲ್ಲಿಯ ಸಂಬಂಧ?

ನಮ್ಮ ಓನರ್ ಜಯಕುಮಾರ್ ಎಲ್ಲರನ್ನೂ ಕರೆದು ಹೇಳಿದರು. ಸ್ವಿಟ್ಜರ್ಲೆಂಡಿನಲ್ಲಿ ಆಲ್ಬಿನ್ ಎಂಬೊಬ್ಬ ಇದ್ದಾನೆ. ಮಂಜುಗಡ್ಡೆಯ ಕಾಲುವೆಯಲ್ಲಿ ಜಾರುವ ಗಾಡಿ ಓಡಿಸಿ ಪದಕದ ಮೇಲೆ ಪದಕ ಗೆದ್ದವನು. ಎರಡು ಸಲ ಮಗುಚಿ ಬಿದ್ದು ಮತ್ತೆ ಎದ್ದು ಗೆದ್ದನಂತೆ. ಆಟ ಬಿಟ್ಟು ಇಪ್ಪತ್ತೈದು ವರ್ಷವಾದರೂ ಅವನು ಅಂಗಡಿಗೆ ಹಾಲು ತರಲು ಹೋದರೂ ಜನ ಸುತ್ತುವರಿಯುತ್ತಾರಂತೆ. ಬರುವ ಮಾರ್ಚಿಗೆ ಅವನಿಗೆ ಅರವತ್ತು. ಅದಕ್ಕೆ ಊರಿನವರು ಅವನ ಗಾಡಿಯ ಬೊಂಬೆ ಮಾಡಿಸಿ ಹಂಚುತ್ತಾರೆ. ಎರಡು ಸಾವಿರ ಬೊಂಬೆ.

ಗಾಡಿಗೆ ಚಕ್ರವಿಲ್ಲ, ನೊಗವಿಲ್ಲ, ಎತ್ತೂ ಇಲ್ಲ. ಒಳಗೆ ಇಬ್ಬರು. ಮುಂದಿನವನು ಹಗ್ಗ ಹಿಡಿದಿದ್ದಾನೆ. ಹಿಂದಿನವನು ತಲೆ ತಗ್ಗಿಸಿ ಕೂತಿದ್ದಾನೆ.

"ಹಿಂದಿನೋನ್ಗೇನು ಕೆಲ್ಸ ಸಾ?" ಅಂದೆ.

ಜಯಕುಮಾರ್ ಕಾಗದ ನೋಡಿದರು. "ಶುರುನಲ್ಲಿ ಓಡ್ಕೊಂಡು ತಳ್ಳದು, ಹಾರಿ ಹತ್ಕೊಳದು, ಕೊನೇಲಿ ಬ್ರೇಕ್ ಎಳೆಯದು. ಅಷ್ಟೇಯ."

ಅಷ್ಟೇಯ! ನಾನು ಹದಿನೆಂಟು ಓಟ ಅದೇ ಕೆಲಸ ಮಾಡಿದವನು. ನಮ್ಮ ಎತ್ತಿನಗಾಡಿ ಓಟದಲ್ಲೂ ಇಬ್ಬರೇ. ಮುಂದಿನವನು ಹಗ್ಗ ಹಿಡಿದು ಓಡಿಸುತ್ತಾನೆ. ಹಿಂದಿನವನು ತಳ್ಳಿ, ಹಾರಿ ಹತ್ತಿ, ಗೆರೆ ದಾಟಿದ ಕೂಡಲೇ ಗಾಡಿಯ ಬಾಲಕ್ಕೆ ಜೋತುಬೀಳುತ್ತಾನೆ. ಹಿಂದೆ ಭಾರ ಬಿದ್ದರೆ ನೊಗ ಮೇಲೇಳುತ್ತದೆ, ಎತ್ತಿನ ಗಂಟಲು ಬಿಗಿಯುತ್ತದೆ, ಆಗ ನಿಲ್ಲುತ್ತವೆ. ಅದಕ್ಕೆ ಹಿಂಭಾರ ಅನ್ನುತ್ತಾರೆ. ರೊಚ್ಚಿಗೆದ್ದ ಓಟದೆತ್ತನ್ನು ಬರೀ ಹಗ್ಗದಲ್ಲಿ ನಿಲ್ಲಿಸುವ ಗಂಡು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಮುಂದೆ ಹಗ್ಗ ಹಿಡಿಯುತ್ತಿದ್ದ ಕೆಂಪರಾಜು ಕೂಡ ಅಲ್ಲ.

ಮಧ್ಯಾಹ್ನ ಬಾಗಿಲ ಹತ್ತಿರದ ಕುಂಟನಾಯಿಗೆ ಅರ್ಧ ಬನ್ನು ಹಾಕಿದೆ. ಅದೂ ನನ್ನ ಹಾಗೇ ಬಲಗಾಲು ಎಳೆಯುತ್ತದೆ.

೨೦ ನವೆಂಬರ್

ಕ್ಷೌರಕ್ಕೆ ಹೋಗಿದ್ದೆ. ಕನ್ನಡಿಯ ಮೇಲೆ ಕೆಂಪರಾಜು ಫೋಟೊ, ಅದಕ್ಕೆ ಕಾಗದದ ಹಾರ. ಹೊರಗೆ ಬಂದರೆ ಆಟೊ ಹಿಂದೆ 'ಹಳ್ಳಿಕಾರ್ ಹುಲಿ ರಾಜಣ್ಣ' ಅಂತ ಅವನದೇ ಸ್ಟಿಕ್ಕರ್. ಓಟ ಬಿಟ್ಟು ಹನ್ನೊಂದು ವರ್ಷವಾಯಿತು ಮಹಾನುಭಾವ! ಆ ಆಟೊದವನು ಆಗ ಚಡ್ಡಿ ಹಾಕುತ್ತಿದ್ದನೋ ಇಲ್ಲವೋ.

ಆ ಫೋಟೊ ನನಗೆ ಗೊತ್ತು. ಸಾತನೂರಿನ ಓಟದ್ದು, ತೊಂಬತ್ತಾರರದ್ದು. ಅದರ ಎಡಗಡೆ ಅಂಚಿನಲ್ಲಿ ಒಂದು ಕೈ ಇದೆ, ಮೊಣಕೈವರೆಗೆ. ಅದು ನನ್ನದು. ಅದಾದ ಒಂದು ಗಳಿಗೆಗೆ ಗಾಡಿ ನನ್ನನ್ನು ಎಳೆದುಕೊಂಡು ಹೋಗಿ ಕಲ್ಲಿಗೆ ಹೊಡೆಯಿತು. ಮೊಣಕಾಲ ಚಿಪ್ಪು ಪುಡಿಯಾಯಿತು. ಎತ್ತು ನಿಂತವು. ಜನ ಕೆಂಪರಾಜುವನ್ನು ಹೆಗಲ ಮೇಲೆ ಹೊತ್ತು ಕುಣಿದುಕೊಂಡು ಹೋದರು. ನಾನು ಬದುವಿನ ಮೇಲೆ ಬಿದ್ದಿದ್ದೆ. ಸಂಜೆ ಹಾಲಿನ ವ್ಯಾನಿನವನು ನೋಡಿ ಆಸ್ಪತ್ರೆಗೆ ಹಾಕಿದ. ಮೂರನೇ ದಿನ ಕೆಂಪರಾಜು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದ. ಚಿಪ್ಪಿಗೆ ಚಿಪ್ಪು, ಲೆಕ್ಕ ಚುಕ್ತಾ.

ಹೊಲದ ಕೆಲಸ ಕೈಬಿಟ್ಟು ಇಲ್ಲಿ ಬಂದು ಲೇತ್ ಮುಂದೆ ಕೂತೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರಾದದ್ದು ನನ್ನ ಕೈ, ಮೊಸರು ತಿಂದದ್ದು ಅವನ ಬಾಯಿ. ಆದರೂ ಆಗಿದ್ದು ಆಯಿತು ಬಿಡು. ನನಗೇನೂ ಹೊಟ್ಟೆಕಿಚ್ಚಿಲ್ಲ.

೩ ಡಿಸೆಂಬರ್

ಒಂದು ಬೊಂಬೆ ಮಾಡಿ ಕೊರಿಯರಿನಲ್ಲಿ ಕಳಿಸಿದ್ದೆವು. ನಾನು ಆಲೆಮರದ ತುಂಡು ಕೊರೆದು, ಕೆಂಪು ಅರಗು ಹತ್ತಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟಿದ್ದೆ. ಮುಖ ಬರೆದವರು ಸನಾವುಲ್ಲಾ ಸಾಬರು. ಅರವತ್ತು ದಾಟಿದರೂ ಆ ಕೈ ನಡುಗುವುದಿಲ್ಲ. ಇವತ್ತು ಉತ್ತರ ಬಂತು. ತುಂಬಾ ಚೆನ್ನಾಗಿದೆ, ಆದರೆ ಹಿಂದಿನವನಿಗೆ ಮುಖ ಬೇಡ, ಬರೀ ಗುಂಡುತಲೆ ಸಾಕು.

"ಅವ್ನು ತಲೆ ಬಗ್ಸ್ಕೊಂಡೇ ಇರ್ತಾನಂತೆ, ಮುಖ ಕಾಣಾಕಿಲ್ವಂತೆ. ನಮ್ಗೂ ಕೆಲ್ಸ ಉಳೀತು" ಅಂದರು ಜಯಕುಮಾರ್.

"ಅವ್ನ ಹೆಸ್ರೇನಂತೆ ಸಾ?"

"ಆಲ್ಬಿನ್."

"ಹಿಂದಿನೋನ್ದು."

ಅವರು ಕಾಗದ ತಿರುವಿ ಹಾಕಿದರು. ಇರಲಿಲ್ಲ. "ನಿಂಗ್ಯಾಕಯ್ಯ? ಹೆಣ್ಣು ಕೊಡ್ತೀಯಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆಯವರೆಗೆ ಲೇತಿನಲ್ಲಿ ಗುಂಡುತಲೆ ಇಳಿಸಿದೆ. ಕಣ್ಣಿಲ್ಲ, ಮೂಗಿಲ್ಲ. ಮಾಡುವುದಕ್ಕೇನೋ ಸುಲಭ.

೧೬ ಡಿಸೆಂಬರ್, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಮೋಟರ್‌ಬೈಕ್ ನಿಂತಿತು. ಕೆಂಪರಾಜು! ಬಿಳೀ ಪಂಚೆ, ಬಿಳೀ ಶರ್ಟು, ಮೀಸೆಗೆ ಕಪ್ಪು ಬಳಿದಿದ್ದಾನೆ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನನ್ನ ಹೆಂಡತಿ ವರಲಕ್ಷ್ಮಿ ಕಾಫಿಗೆ ಓಡಿದಳು. ನನಗೆ ಜ್ವರ ಬಂದಾಗ ಇಷ್ಟು ಓಡಿದವಳಲ್ಲ.

"ಲೇ ತಿಮ್ಮೇಶ, ಕಾಲು ಎಂಗೈತ್ಲಾ?"

"ಎರಡೂ ಐತೆ ರಾಜಣ್ಣ."

ಅವನು ನಗಲಿಲ್ಲ. "ಮರಳವಾಡಿ ತಾವ ನಾವು ಓಡುಸ್ತಿದ್ದ ಬಯಲೆಲ್ಲಾ ಫ್ಯಾಕ್ಟ್ರಿಗೆ ಹೋಯ್ತು. ಫೆಬ್ರವರೀಲಿ ಕೊನೇ ಓಟ ಮಡಗವ್ರೆ. ರಾಜಣ್ಣ ಒಂದ್ಸಲ ಹಗ್ಗ ಹಿಡೀಲೇಬೇಕು ಅಂತ ಜನ ಪ್ರಾಣ ತಿಂತಾವ್ರೆ."

"ಹಿಡೀರಿ."

"ಗೆರೆ ಆಚ್ಗೆ ಕಾಂಪೌಂಡ್ ಗೋಡೆ ಎದ್ದೈತೆ ಕಣ್ಲಾ. ಮೊದ್ಲು ಅರ್ಧ ಮೈಲಿ ಬಯಲಿತ್ತು. ಈಗ ನೂರು ಮಾರಿಲ್ಲ. ಹೊಸ ಹುಡುಗ್ರು ಗೋಡೆ ಕಂಡೇಟ್ಗೆ ಹಾರ್ಕತವೆ. ಹಿಂಭಾರಕ್ಕೆ ನೀನೇ ಬರ್ಬೇಕು. ನಿನ್ ಕೈ ಒಂದ್ನೇ ನಾನ್ ನಂಬಾದು."

ಹನ್ನೊಂದು ವರ್ಷಕ್ಕೆ ಆ ಮಾತು ಬಂತು. ಆಗಲೇ ಒಪ್ಪಿಕೊಂಡುಬಿಡುವವನಿದ್ದೆ, ಸುಳ್ಳು ಯಾಕೆ ಬರೆಯಲಿ. ಆದರೂ ಕೇಳಿಯೇಬಿಟ್ಟೆ: "ಬತ್ತೀನಿ. ಆದ್ರೆ ಫ್ಲೆಕ್ಸಲ್ಲಿ ನನ್ ಹೆಸ್ರು ಹಾಕುಸ್ಬೇಕು. ಮೈಕಲ್ಲಿ ಕೂಗುಸ್ಬೇಕು. ಕೆಂಪರಾಜು, ತಿಮ್ಮೇಶ ಅಂತ, ಎರಡೂ ಜೊತೇಲಿ."

"ಅಷ್ಟೇನಾ? ಬಸವಣ್ಣನಾಣೆ ಹಾಕುಸ್ತೀನಿ" ಅಂತ ಅಂಗೈ ಮೇಲೆ ಅಂಗೈ ಹೊಡೆದ.

ಅವನು ಹೋದ ಮೇಲೆ ವರಲಕ್ಷ್ಮಿ, "ಇದ್ದ ಒಂದ್ ಕಾಲ್ನೂ ಕಳ್ಕಬೇಕಾ? ಹೆಸ್ರು ತಗಂಡು ಏನ್ ಉಪ್ಪಿನಕಾಯಿ ಹಾಕಂತೀರಾ?" ಅಂದಳು. ಅವಳಿಗೇನು ಗೊತ್ತು.

೨೭ ಡಿಸೆಂಬರ್

ಸನಾವುಲ್ಲಾ ಸಾಬರಿಗೆ ನನ್ನ ಓಟದ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ಒಂದು ಗುಂಡುತಲೆ ಎತ್ತಿಕೊಂಡರು. ಕುಂಚದಲ್ಲಿ ಎರಡು ಕಣ್ಣು, ಒಂದು ಸಣ್ಣ ಮೀಸೆ. "ನೋಡಪ್ಪ, ನೀನೇ" ಅಂದರು. ನನ್ನ ಹಾಗೇ ಇತ್ತು. ಮೀಸೆ ಒಂದು ಕಡೆ ಕಮ್ಮಿ ಇರುವುದನ್ನೂ ಬಿಟ್ಟಿರಲಿಲ್ಲ.

ಜೇಬಿಗೆ ಹಾಕಿಕೊಳ್ಳಬೇಕಿತ್ತು. ಯಾರಾದರೂ ನೋಡಿಯಾರು ಅಂತ ಮಾಡಿಟ್ಟ ರಾಶಿಯಲ್ಲೇ ಇಟ್ಟೆ. ಸಂಜೆ ತಗೊಂಡರಾಯಿತು ಅಂತ. ಮರೆತುಬಿಟ್ಟೆ.

೨೯ ಡಿಸೆಂಬರ್

ಪ್ಯಾಕಿಂಗ್ ಮಾಡುವಾಗ ಆ ತಲೆ ಜಯಕುಮಾರ್ ಕೈಗೆ ಸಿಕ್ಕಿತು. ಗಾಡಿಗೆ ಅಂಟಿಸಿಯೂ ಆಗಿತ್ತು. ಕಾರ್ಖಾನೆ ಕಿತ್ತುಹೋಗುವಂತೆ ಕೂಗಾಡಿದರು. "ಕಣ್ ಕಾಣಾಕಿಲ್ವಾ ಸಾಬ್ರೆ? ಬ್ಯಾಡ ಅಂದಿದ್ಕೆ ಬರ್ದಿದ್ದೀರಲ್ಲ! ಇನ್ನೆಷ್ಟು ಡಬ್ಬದೊಳ್ಗೆ ಹೋಗೈತೋ? ವಯಸ್ಸಾಯ್ತು, ಮನೇಲಿರಿ."

ಸನಾವುಲ್ಲಾ ಸಾಬರು ನನ್ನ ಮುಖ ನೋಡಿದರು. ನಾನು ಉಳಿ ಮಸೆಯುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಆದರೆ ನಾನು ಬಾಯಿಬಿಟ್ಟಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಓಟ ಹತ್ತಿರ ಬಂದಿರುವಾಗ ನನಗೆ ಆ ತಾಪತ್ರಯ ಬೇಡ. ಮೂವತ್ತೆಂಟು ವರ್ಷ ಕೂತ ಮಣೆಯನ್ನು ಅವರು ಕಂಕುಳಲ್ಲಿ ಇಟ್ಟುಕೊಂಡು ಹೋದರು.

೧೫ ಜನವರಿ ೨೦೦೮, ಸಂಕ್ರಾಂತಿ

ಮರಳವಾಡಿ ಹತ್ತಿರದ ಕೆಂಪರಾಜುವಿನ ಹಳ್ಳಿಗೆ ಹೋಗಿದ್ದೆ. ನಾನು ಹುಟ್ಟಿದ ಹಳ್ಳಿಯೂ ಅದೇ, ಆದರೆ ಅಲ್ಲಿ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಬೆಳಿಗ್ಗೆ ಬಯಲಿನಲ್ಲಿ ನಾಲ್ಕು ಸಲ ಓಡಿಸಿ ಅಭ್ಯಾಸ ಮಾಡಿದೆವು. ಕೆಂಪರಾಜು ಬಾರುಕೋಲಿನ ತುದಿಗೆ ಮೊಳೆ ಬಡಿದಿದ್ದಾನೆ. ಎಡದೆತ್ತಿನ ತೊಡೆಯಲ್ಲಿ ರಕ್ತ ಸುರಿಯುತ್ತಿತ್ತು. ಸಂಜೆ ಅದೇ ಎತ್ತಿಗೆ ಅರಿಶಿನ ಬಳಿದು, ಹೂ ಕಟ್ಟಿ, ಕಿಚ್ಚು ಹಾಯಿಸಿದರು. ಮೊದಲಾದರೆ ನನಗೆ ಕರುಳು ಚುರ್ ಅನ್ನುತ್ತಿತ್ತು. ಇವತ್ತು ಅನ್ನಲಿಲ್ಲ. ಎತ್ತು ಚೆನ್ನಾಗಿ ಓಡುತ್ತಿದೆ.

ನಾಲ್ಕೂ ಸಲ ಗೋಡೆಗೆ ಮೂವತ್ತು ಮಾರು ಇರುವಾಗಲೇ ನಿಲ್ಲಿಸಿದೆ. ಕೆಂಪರಾಜು ಹೆಂಡತಿ ಸರಸಮ್ಮ ನನಗೆ ಎಳ್ಳುಬೆಲ್ಲ ಕೊಟ್ಟು, "ಇವ್ರ ಜೀವ ನಿನ್ ಕೈಲೈತೆ ಕಣಪ್ಪ" ಅಂದಳು. ಜಗಲಿಯ ಮೇಲೆ ಕೂತಿದ್ದ ಅಭಿಮಾನಿಗಳಿಗೆ ಕೆಂಪರಾಜು, "ನೋಡಿದ್ರೇನ್ಲಾ, ಎಂಗ್ ನಿಲ್ಲುಸ್ದೆ?" ಅನ್ನುತ್ತಿದ್ದ.

ನಿಲ್ಲುಸ್ದೆ ಅಂತೆ!

೨೪ ಜನವರಿ

ಸ್ವಿಟ್ಜರ್ಲೆಂಡಿನಿಂದ ಫೋಟೊ ಬಂದಿದೆ. ಆಲ್ಬಿನ್ ನಮ್ಮ ಬೊಂಬೆ ಹಿಡಿದುಕೊಂಡು ನಗುತ್ತಿದ್ದಾನೆ. ಕೆಂಪು ಮುಖ, ಕುರಿಯುಣ್ಣೆಯ ಟೋಪಿ. ಸುತ್ತ ನೂರಾರು ಜನ. ಜಯಕುಮಾರ್ ಅದಕ್ಕೆ ಫ್ರೇಮ್ ಹಾಕಿಸಿ ಊದುಬತ್ತಿ ಹಚ್ಚಿದರು.

ಹತ್ತಿರ ಹೋಗಿ ನೋಡಿದೆ. ಬೊಂಬೆಯಲ್ಲಿ ಮುಂದಿನವನು ಕಾಣುತ್ತಾನೆ. ಹಿಂದಿನವನ ಮೇಲೆ ಆಲ್ಬಿನ್ ಹೆಬ್ಬೆರಳು ಕೂತಿದೆ.

ಬೇಕೂಂತ ಮಾಡಿದ್ದಲ್ಲ, ಹಿಡಿಯಬೇಕಾದರೆ ಬೆರಳು ಎಲ್ಲಾದರೂ ಕೂರಲೇಬೇಕು. ಅದೇ ನನಗೆ ತಡೆಯದಾಯಿತು. ಆವಾಗಲೇ ಕುಂಟನಾಯಿ ಕಾಲಿಗೆ ಸುತ್ತಿಕೊಂಡಿತು, ಒದ್ದೆ. ಕುಂಯ್‌ಗುಟ್ಟುತ್ತಾ ರಸ್ತೆಗೆ ಹೋಯಿತು. ದಿನಾ ಬನ್ನು ಹಾಕಿದರೆ ಹೀಗೇ ತಲೆಗೇರುತ್ತವೆ.

೧೧ ಫೆಬ್ರವರಿ

ಮರಳವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿದೆ. ಎರಡಾಳೆತ್ತರ. ಕೆಂಪರಾಜು ಮುಖ, ಎರಡು ಎತ್ತು, ಮೇಲೆ ಓಟದ ಸಮಿತಿ ಅಧ್ಯಕ್ಷ ಗಂಗಹನುಮಯ್ಯನ ಮುಖ, ಕೆಳಗೆ ಕೋರುವವರು ಅಂತ ಇಪ್ಪತ್ತೆಂಟು ಮುಖ. ಕೋಳಿ ಅಂಗಡಿಯವನದೂ ಇದೆ. ನನ್ನ ಹೆಸರು ಹುಡುಕಿದೆ. ಎರಡು ಸಲ ಮೇಲಿಂದ ಕೆಳಗೆ, ಒಂದು ಸಲ ಕೆಳಗಿಂದ ಮೇಲೆ. ಇಲ್ಲ.

ಕೆಂಪರಾಜುಗೆ ಫೋನ್ ಮಾಡಿದೆ. "ಜಾಗ ಸಾಲ್ನಿಲ್ಲ ಕಣ್ಲಾ. ಮೈಕಲ್ಲಿ ಕೂಗುಸ್ತೀನಿ ಬುಡು. ಹೆಂಗುಸ್ರಂಗೆ ಆಡ್ಬ್ಯಾಡ" ಅಂದ.

ಆಗಲಿ. ಮೈಕು ಇದೆಯಲ್ಲ.

೧೬ ಫೆಬ್ರವರಿ

ನಾಳೆ. ವರಲಕ್ಷ್ಮಿ ಮಾತು ಬಿಟ್ಟಿದ್ದಾಳೆ. ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ಎಸೆದೆ. ಮೊದಲ ಸಲ. ಕೈಗೆ ಎಣ್ಣೆ ಹಚ್ಚಿ ತಿಕ್ಕಿಕೊಂಡೆ. ಬೆರಳು ಕಬ್ಬಿಣದ ಹಾಗಿವೆ.

೧೭ ಫೆಬ್ರವರಿ, ಭಾನುವಾರ

ಕೈ ಜಾರಿತು.

೧೯ ಫೆಬ್ರವರಿ

ಇವತ್ತು ಬರೆಯುವಷ್ಟು ಸಮಾಧಾನ ಬಂದಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬಯಲಿನ ತುಂಬ ಜನ. ಫ್ಯಾಕ್ಟರಿ ಗೋಡೆಯ ಮೇಲೂ ಕೂತಿದ್ದರು. ಮೈಕಿನವನು, "ಹಳ್ಳಿಕಾರ್ ಹುಲಿ, ನಮ್ಮ ನಿಮ್ಮೆಲ್ಲರ ರಾಜಣ್ಣ" ಅಂತ ಶುರುಮಾಡಿ ಕಾಲುಗಂಟೆ ಅವನ ಗುಣಗಾನ ಮಾಡಿದ. ಎಷ್ಟು ಓಟ, ಎಷ್ಟು ಬೆಳ್ಳಿಗದೆ, ಯಾವ ಎತ್ತಿನ ಹೆಸರು ಏನು. ಎತ್ತಿನ ಹೆಸರೂ ಬಂತು! ನಾನು ಗಾಡಿ ಹಿಂದೆ ಕಿವಿ ನಿಮಿರಿಸಿಕೊಂಡು ನಿಂತಿದ್ದೆ.

"ರಾಜಣ್ಣ, ನನ್ ಹೆಸ್ರು" ಅಂದೆ.

"ಗೆದ್ಮೇಲೆ ಕೂಗುಸ್ತೀನಿ. ತಳ್ಳಲಾ ಮೊದ್ಲು."

ತಳ್ಳಿದೆ. ಕಾಲು ಸೀಳಿದ ಹಾಗಾಯಿತು, ಆದರೂ ಹಾರಿ ಹತ್ತಿದೆ. ಧೂಳಿನಲ್ಲಿ ಕೆಂಪರಾಜುವಿನ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದ ಗಾಡಿ ಹಿಂದೆ ಬಿತ್ತು. ಗೆರೆ ದಾಟಿದೆವು. ನಾನು ಬಾಲಕ್ಕೆ ಜೋತುಬಿದ್ದೆ. ನೊಗ ಎದ್ದಿತು, ಎತ್ತು ಗೊರ್ ಅಂದವು, ವೇಗ ಮುರಿಯಿತು. ಮೈಕಿನವನು ಕೂಗಿದ: "ಗೆದ್ದ ರಾಜಣ್ಣ! ಒಬ್ಬನೇ ರಾಜಣ್ಣ! ರಾಜಣ್ಣ!"

ಆಗ ಕೈ ಜಾರಿತು. ಮಣ್ಣಿಗೆ ಬಿದ್ದೆ.

ನೊಗ ಇಳಿದದ್ದೇ ಎತ್ತು ಮತ್ತೆ ನುಗ್ಗಿದವು, ಗಾಡಿ ನೆಟ್ಟಗೆ ಗೋಡೆಗೆ ಹೋಯಿತು. ಎಡದೆತ್ತು ಕತ್ತು ಮುರಿದು ಅಲ್ಲೇ ಸತ್ತಿತು, ನಾಲಗೆ ಧೂಳಿನಲ್ಲಿ ಇಳಿಬಿದ್ದಿತ್ತು. ಕೆಂಪರಾಜು ಗೋಡೆಗೆ ಬಡಿದು ಬಿದ್ದಿದ್ದ. ಉಸಿರಿತ್ತು. ಬೆಂಗಳೂರಿಗೆ ಒಯ್ದರು. ಜನ ಎದೆ ಬಡಿದುಕೊಂಡು ಅವನ ಹಿಂದೆ ಓಡಿದರು. ನಾನು ಬಟ್ಟೆ ಕೊಡವಿಕೊಂಡು ಊರಿಗೆ ಮರಳಲು ಕನಕಪುರದ ಬಸ್ ಹತ್ತಿದೆ. ಕಂಡಕ್ಟರ್, "ಧೂಳಾಗ್ತದೆ, ಸೀಟಲ್ಲಿ ಕೂರ್ಬ್ಯಾಡ" ಅಂದ.

ಪೊಲೀಸರು ಬರುತ್ತಾರೆ ಅಂತ ಎರಡು ದಿನ ಶರ್ಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದೆ. ಬರಲಿಲ್ಲ.

೯ ಮಾರ್ಚ್, ಭಾನುವಾರ

ಕೆಂಪರಾಜು ಬದುಕಿಕೊಂಡ. ಕತ್ತಿನಿಂದ ಕೆಳಗೆ ಏನೂ ಆಡುವುದಿಲ್ಲವಂತೆ. ಮನೆಗೆ ಕರೆತಂದಿದ್ದಾರೆ. ಅವನ ಮನೆ ಮುಂದೆ ಶಾಮಿಯಾನ ಹಾಕಿದ್ದಾರಂತೆ, ದಿನಾ ಜನ. ಕೊಳ್ಳೇಗಾಲದಿಂದ, ತುಮಕೂರಿನಿಂದ. ಮೊದಲು ಚಪ್ಪಾಳೆ ಹೊಡೆಯುತ್ತಿದ್ದವರು ಈಗ ಕಾಲಿಗೆ ಬೀಳುತ್ತಾರಂತೆ. ಆ ಕಾಲಿಗೆ ಬಿದ್ದರೆ ಅವನಿಗೆ ಗೊತ್ತೂ ಆಗುವುದಿಲ್ಲ.

ಪೇಪರ್ ಸಿಕ್ಕಿತು. 'ಎತ್ತು ಬೆದರಿ ದುರಂತ. ಏಕಾಂಗಿಯಾಗಿ ಗಾಡಿ ಓಡಿಸಿದ ಹುಲಿ.' ಫೋಟೊದಲ್ಲಿ ಮುಂಭಾಗ ಮಾತ್ರ ಇದೆ. ಹಿಂದೆಲ್ಲ ಧೂಳು.

ಏಕಾಂಗಿ! ಐವತ್ತರ ಮುದುಕ ಏಕಾಂಗಿಯಾಗಿ ಓಡಿಸಿ ತೋರಿಸಲಿ ನೋಡೋಣ.

೨ ಏಪ್ರಿಲ್

ಗಂಗಹನುಮಯ್ಯನ ಮನೆಗೆ ಹೋದೆ. ಸಮಿತಿ ಅಧ್ಯಕ್ಷನಾದವನಿಗೆ ಗೊತ್ತಿರಬೇಕಲ್ಲ. ಆವತ್ತು ಗಾಡಿ ಹಿಂದೆ ನಾನಿದ್ದೆ ಅಂದೆ.

"ಇದ್ದಿರ್ಬೋದು ಕಣಪ್ಪ. ಯಾರೋ ಇರ್ತಾರೆ."

"ನಾನು ಹಿಂಭಾರ ಬುಟ್ಬುಟ್ಟೆ. ಅದ್ಕೇ ಗೋಡೆಗೆ ಹೋಯ್ತು."

ಅವನು ನನ್ನ ಕಾಲು ನೋಡಿದ. "ಪಾಪ, ನಿಂಗೂ ಸಂಕ್ಟ ಆಗೈತೆ. ಎಲ್ರಿಗೂ ಅಂಗೇಯ, ನಾನ್ ಇದ್ದಿದ್ರೆ ಉಳುಸ್ತಿದ್ದೆ ಅಂತ ದಿನಾ ಒಬ್ಬ ಬಂದು ಅಳ್ತಾನೆ. ಒಬ್ನೇ ಓಡ್ಸ್ದ ಅಂತ ಪೇಪರ್ನಾಗೆ ಬಂದೈತೆ. ಈಗ ಯಾರು ತಿದ್ದಾಕೋಗದು? ಮಜ್ಗೆ ಕುಡ್ಕಂಡ್ ಹೋಗು."

ಇಲ್ಲಿ ಒಂದು ಮಾತು ಸರಿಮಾಡಬೇಕು. ಹಿಂದಿನ ಪುಟದಲ್ಲಿ ಕೈ ಜಾರಿತು ಅಂತ ಬರೆದಿದ್ದೇನೆ, ಎರಡು ಕಡೆ. ಓದಿದರೆ ನನಗೇ ಅವಮಾನ. ಹದಿನೆಂಟು ಓಟ ನಿಲ್ಲಿಸಿದ ಕೈ, ಹತ್ತೊಂಬತ್ತನೆಯದರಲ್ಲಿ ಜಾರುತ್ತದೆಯೇ? ಜಾರಲಿಲ್ಲ. ನೊಗ ಎದ್ದಿತ್ತು, ಇನ್ನು ಹತ್ತು ಮಾರಿಗೆ ನಿಲ್ಲುತ್ತಿತ್ತು. ಮೂರನೇ ಸಲ ರಾಜಣ್ಣ ಅಂದರು, ಹತ್ತು ಬೆರಳನ್ನೂ ಒಟ್ಟಿಗೆ ಬಿಡಿಸಿದೆ. ಬಿಡುವುದೂ ಒಂದು ಕಸುಬು. ಗೋಡೆ ದೂರವಿರುವಾಗಲೇ ಬಿಟ್ಟಿದ್ದರೆ ಎತ್ತು ಪಕ್ಕಕ್ಕೆ ತಿರುಗುತ್ತಿದ್ದವು.

ಬರುವಾಗ ಸನಾವುಲ್ಲಾ ಸಾಬರ ಮನೆಗೆ ಹೋದೆ. ಅವರೊಬ್ಬರು ನಂಬುತ್ತಾರೆ ಅಂತ. ನಂಬಿದರು. ಪೂರ್ತಿ ಕೇಳಿದರು. ಆಮೇಲೆ ಬಾಗಿಲು ಹಿಡಿದುಕೊಂಡು ಹೇಳಿದರು: "ಆವತ್ತು ಬಾಯಿ ಮುಚ್ಕೊಂಡಿದ್ದಲ್ಲಪ್ಪ ತಿಮ್ಮೇಶ, ಇವತ್ತೂ ಮುಚ್ಕೊಂಡಿರು."

ಸಾಬರಿಗೂ ನನ್ನ ಮೇಲೆ ಹೊಟ್ಟೆಕಿಚ್ಚು.

೨೦ ಏಪ್ರಿಲ್, ಭಾನುವಾರ

ಕೆಂಪರಾಜುವಿನ ಹತ್ತಿರವೇ ಹೋದೆ. ಅವನ ಬಾಯಿ ಇನ್ನೂ ಆಡುತ್ತದೆಯಲ್ಲ. ನಡುಮನೆಯಲ್ಲಿ ಮಂಚ, ಸುತ್ತ ಹಾರಗಳು, ಹೂವಿನ ವಾಸನೆಯ ಜೊತೆ ಮಲದ ವಾಸನೆ. ಮೀಸೆಗೆ ಕಪ್ಪು ಬಳಿದಿದ್ದಾರೆ, ಇವತ್ತಿಗೂ. ಸರಸಮ್ಮ ನೀರು ತರಲು ಒಳಗೆ ಹೋದಳು. ನಾವಿಬ್ಬರೇ ಉಳಿದೆವು.

"ಜಾರ್ನಿಲ್ಲ, ಅಲ್ವಾ?" ಅಂದ. ನಾನಿನ್ನೂ ಕೂತಿರಲಿಲ್ಲ.

"ಇಲ್ಲ."

"ಗೊತ್ತು ಕಣ್ಲಾ. ನೊಗ ಎದ್ದಿದ್ದು ಹಗ್ಗದಲ್ಲಿ ಗೊತ್ತಾಯ್ತು. ಆಮೇಲೆ ಧಪ್ ಅಂತ ಇಳೀತು. ಕೈ ಜಾರಿದ್ರೆ ಅಂಗಿಳಿಯಾಕಿಲ್ಲ. ಬುಟ್ಟೆ ನೀನು."

ನನಗೆ ಅಳು ಬಂತು. ನಾಚಿಕೆಗಲ್ಲ, ಸಂತೋಷಕ್ಕೆ. ಇಡೀ ಸೀಮೆಯಲ್ಲಿ ನನ್ನ ಕೈ ಏನು ಮಾಡಿತು ಅಂತ ಗೊತ್ತಿರುವವನು ಅವನೊಬ್ಬನೇ.

"ಅಂಗಾರೆ ಹ್ವರ್ಗೆ ಹೇಳು ರಾಜಣ್ಣ. ಎಲ್ಲರ್ಗೂ ಹೇಳು. ತಿಮ್ಮೇಶ ಬುಟ್ಟ ಅಂತ. ಪೊಲೀಸ್ರಿಗೂ ಹೇಳು, ನಾನ್ ಒಪ್ಕತೀನಿ. ಜೈಲಿಗ್ ಬೇಕಾರೆ ಹೋಯ್ತೀನಿ."

ಅವನ ಮೂಗಿನ ಮೇಲೆ ಒಂದು ನೊಣ ಕೂತಿತು. ಅವನು ಊದಿದ, ಅದು ಏಳಲಿಲ್ಲ. "ಒಸಿ ಓಡ್ಸ್ಲಾ" ಅಂದ. ನಾನು ಓಡಿಸಲಿಲ್ಲ. ಅದು ಕಣ್ಣಿನ ಹತ್ತಿರ ಹೋಯಿತು.

"ಹೇಳಾಕಿಲ್ಲ" ಅಂದ, ಕಣ್ಣು ಮಿಟುಕಿಸುತ್ತಾ. "ಹೇಳ್ದ್ರೆ ನೀನು ದೊಡ್ಡೋನಾಗ್ಬುಡ್ತೀಯ. ನನ್ ಹೆಸ್ರು ಎತ್ದಾಗೆಲ್ಲಾ ನಿನ್ ಹೆಸ್ರೂ ಎತ್ತಾರೆ. ಹುಲಿ ಹೊಡ್ದೋನು ಅಂತಾರೆ. ನಿಂಗೆ ಅದೇ ಬೇಕಾಗಿರಾದು. ನಾನು ಹಿಂಗೇ ಕೊಳೀತೀನಿ, ಆದ್ರೆ ಅದೊಂದ್ನ ಕೊಡಾಕಿಲ್ಲ."

"ರಾಜಣ್ಣ, ಕಾಲಿಗ್ ಬೀಳ್ತೀನಿ."

"ಬೀಳು. ದಿನಾ ಬೀಳ್ತಾರೆ."

ಬಿದ್ದೆ. ತಣ್ಣಗಿತ್ತು ಕಾಲು. ಅಷ್ಟರಲ್ಲಿ ಹೊರಗಿನಿಂದ ಅಭಿಮಾನಿಗಳ ಒಂದು ಗುಂಪು ಹಾರ ಹಿಡಿದು ಒಳಗೆ ಬಂತು. ಅದರಲ್ಲೊಬ್ಬ ನನ್ನನ್ನು ನೋಡಿ, "ಇವ್ರ್ಯಾರು ರಾಜಣ್ಣ? ನಿಮ್ಮೋರಾ?" ಅಂತ ಕೇಳಿದ. ನಾನು ಕೆಂಪರಾಜುವಿನ ಬಾಯಿಯನ್ನೇ ನೋಡುತ್ತಿದ್ದೆ.

"ಚನ್ನಪಟ್ಟಣದೋನು, ಬೊಂಬೆ ಮಾಡ್ತಾನೆ" ಅಂದ ಕೆಂಪರಾಜು. "ನನ್ ಬೊಂಬೆ ಮಾಡಾಕೆ ಅಳತೆ ತಗಳಾಕ್ ಬಂದವ್ನೆ."

ಎಲ್ಲರೂ ಭಲೇ ಅಂದರು. ಒಬ್ಬ ನನ್ನ ಬೆನ್ನು ತಟ್ಟಿ, ಎಷ್ಟು ದಿನಕ್ಕೆ ಆಗುತ್ತದೆ ಅಂತ ಕೇಳಿದ.

೨೩ ಜೂನ್, ಸೋಮವಾರ

ಆ ಮಾತು ಹಿಡಿದುಕೊಂಡು ಅಭಿಮಾನಿ ಸಂಘದವರು ನಿಜವಾಗಿ ಬಂದರು. 'ಒಂಟಿ ಸವಾರ ರಾಜಣ್ಣ', ಐನೂರು ಬೊಂಬೆ. ಆಲ್ಬಿನ್ ಫೋಟೊ ಪಕ್ಕದಲ್ಲಿ ಈಗ ಕೆಂಪರಾಜು ಫೋಟೊ ಅಂಟಿಸಿದ್ದಾರೆ. ಅಂಚಿನ ಕೈಯನ್ನು ಈ ಸಲ ಕತ್ತರಿಸಿದ್ದಾರೆ.

ಎತ್ತುಗಳು ಹಾರುವ ಹಾಗೆ ಇರಬೇಕಂತೆ, ಗೊರಸು ನೆಲ ಮುಟ್ಟಬಾರದಂತೆ. ಸ್ಯಾಂಪಲ್ ಮಾಡಿಕೊಟ್ಟೆ. ಮೇಜಿನ ಮೇಲಿಟ್ಟರೆ ಮೂತಿ ಮುಂದಾಗಿ ಬಿತ್ತು. ಎತ್ತಿದರು, ಮತ್ತೆ ಬಿತ್ತು. ಜಯಕುಮಾರ್ ತಲೆ ಕೆರೆದುಕೊಂಡರು.

"ಮುಂಭಾರ ಆಗೈತೆ ಸಾ" ಅಂದೆ. "ಹಿಂದೆ ಒಬ್ಬ ಬೇಕು."

"ಒಬ್ಬ ಯಾಕೆ? ಒಂಟಿ ಸವಾರ ಅಲ್ವೇನಯ್ಯ? ಒಂದ್ ಗುಂಡು ಸೇರ್ಸು, ಆಲೆಮರದ್ದು. ಬಣ್ಣ ಗಿಣ್ಣ ಬ್ಯಾಡ."

ಸೇರಿಸಿದೆ. ಗಾಡಿ ನಿಂತಿತು, ಎತ್ತು ಹಾರಿದವು, ಎಲ್ಲರೂ ಚಪ್ಪಾಳೆ ಹೊಡೆದರು. ಕೆಂಪರಾಜುವಿನ ಮುಖವಂತೂ ಜೀವಂತವಾಗಿ ಬಂದಿದೆ, ಸಾಬರಿಲ್ಲದಿದ್ದರೂ ನಾನೇ ಬರೆದೆ.

ಇವತ್ತು ನೂರ ನಲವತ್ತು ಗುಂಡು ಇಳಿಸಿದೆ. ಉಳಿದದ್ದು ನಾಳೆ.